ಷರಾ

ಸ್ಕೋರ್ ಪುಸ್ತಕ ಹಿಡಿದವನು ನಾನು, ಮೂವತ್ತೊಂದು ವರ್ಷ.
ಅದಕ್ಕೇ ಒಂದು ಹೆಚ್ಚಿಸಿ ಒಂದು ಇಳಿಸಿ ಹೇಳುವುದಿಲ್ಲ:
ಅರಸೀಕೆರೆ ಜಂಕ್ಷನ್ನಿನ ಪಾಯಿಂಟ್ಸ್‌ಮನ್ ಏಳುಮಲೆ
ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಸೆಂಟರ್ ಆಡಿದ್ದು ನಾನೂರ ಹತ್ತು ಮ್ಯಾಚು,
ಗೆದ್ದದ್ದು ಅರ್ಧಕ್ಕೆ ಮೂರು ಕಮ್ಮಿ.

ಹೆಸರಲ್ಲೇ ಏಳು ಮಲೆ. ದಾಟಿದ್ದು
ಬಾಣಾವರ, ಕಡೂರು, ಬೀರೂರು, ಈ ಕಡೆ ತಿಪಟೂರು.
ಒಮ್ಮೆ ದಾವಣಗೆರೆ.

ಅಲ್ಲಿ ರಾಜ್ಯದ ತಂಡಕ್ಕೆ ಹತ್ತು ಜನರನ್ನು ಆರಿಸಿದರು,
ಬ್ಲೇಜರು ಬಂದದ್ದು ಒಂಬತ್ತು.
ಹತ್ತನೆಯವನು ಬೆಂಚಿನ ತುದಿಯಲ್ಲಿ ಕೂತು
ಐದು ದಿನ ಬೇರೆಯವರ ಬ್ಯಾಟು ಒರೆಸಿದ.
ಬಂದು ಹೇಳಿದ್ದಿಷ್ಟೇ:
"ಊಟ ಚೆನ್ನಾಗಿತ್ತು ಕಣ್ರೀ, ಎರಡು ಥರ ಪಲ್ಯ."

ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗದೆ
ಕಾಲೋನಿ ಹಿಂದಿನ ಬಯಲಿಗೆ ಬರುತ್ತಿದ್ದ,
ಐದೂವರೆಗೆ, ಕೈಲಿ ಅದೇ ಸಿಗ್ನಲ್ ದೀಪ.
ಹಸಿರು ಬೆಳಕಲ್ಲೇ ದಾರ ಕಟ್ಟಿ ಸುಣ್ಣದ ಗೆರೆ ಎಳೆಯುವನು.
ಸೊಟ್ಟಗಾದರೆ ಕಾಲಲ್ಲಿ ಅಳಿಸಿ ಮತ್ತೆ.
ನಾವು ಆಕಳಿಸುತ್ತ ನಿಂತಿರುತ್ತಿದ್ದೆವು.

ಮಂಡಿ ಸವೆದ ಮೇಲೆ ಮ್ಯಾನೇಜರ್ ಎಂದರು.
ಮ್ಯಾನೇಜರ್ ಅಂದರೆ ನಿಂಬೆಹಣ್ಣು ಹೆಚ್ಚುವವನು,
ಹರಿದ ಗಟ್ಟಿಗೆ ಸಂಬಳ ಮುರಿಯುವವನು,
"ನಾಳೆ ನೀನು ಆಡಲ್ಲ ಮಗಾ" ಅಂತ ಒಬ್ಬನಿಗೆ ಹೇಳಿ
ಇಡೀ ದಾರಿ ಅವನ ಪಕ್ಕದಲ್ಲೇ ಕೂರಬೇಕಾದವನು.

ಒಂದೇ ಮ್ಯಾಚಿನ ಸುದ್ದಿ ಹೇಳಿ ನಿಲ್ಲಿಸುತ್ತೇನೆ.
ಬೀರೂರು. ಹಿಂದಿನ ಸಾಲಿನ ಖಾಜಾನಿಗೆ ಜ್ವರ.
ಐದನೆಯವನಿಲ್ಲ. ಐವತ್ತೊಂಬತ್ತರ ಏಳುಮಲೆ
ಪ್ಯಾಂಟು ಮಡಚಿ ಇಳಿದ.
ಮೂರನೇ ಗೇಮು, ಇನ್ನೊಂದೇ ಪಾಯಿಂಟು,
ಯಾರಿಗೆ ಬಂದರೆ ಕಪ್ಪು ಅವರದು.
ಚೆಂಡು ಅವನ ಹಿಂದೆ ಬಿತ್ತು.
ಅಂಪೈರು ಔಟ್ ಎಂದ.

ನಮ್ಮವರು ಕುಣಿಯುತ್ತಿದ್ದರು,
ನಾನು ಪೆನ್ನಿನ ಕ್ಯಾಪು ತೆಗೆದಾಗಿತ್ತು.
ಏಳುಮಲೆ ಬಗ್ಗಿದ. ಬಗ್ಗುವುದಕ್ಕೇ ಹೊತ್ತು ಹಿಡಿಯಿತು.
ಹಳದಿ ಉಣ್ಣೆಯ ಚೆಂಡನ್ನು ಎತ್ತಿ, ತಿರುಗಿಸಿ ನೋಡಿ,
ಅಂಪೈರಿನ ಮೂಗಿನ ಹತ್ತಿರ ಹಿಡಿದ.
ಉಣ್ಣೆಗೆ ಅಂಟಿಕೊಂಡಿತ್ತು
ಉಗುರಿನಷ್ಟು ಸುಣ್ಣ.

ಪ್ಯಾಸೆಂಜರಲ್ಲಿ ಯಾರೂ ಬಾಯಿ ಬಿಡಲಿಲ್ಲ.
ಕಡೂರು ಹೋಯಿತು, ದೇವನೂರು ಹೋಯಿತು.
ಬಾಣಾವರದಲ್ಲಿ ಕಡಲೆಕಾಯಿಯವನು ಹತ್ತಿದ.
ಕೊಂಡು ಹಂಚಿದವನು ಅವನೇ.
ಸಿಟ್ಟಿನಲ್ಲೇ ಸುಲಿದು ತಿಂದೆವು.

ಪುಸ್ತಕದಲ್ಲಿ 'ಸೋಲು' ಎಂದು ಬರೆದೆ.
ಪಕ್ಕಕ್ಕೆ ಷರಾ ಎಂಬ ಕಾಲಂ ಇದೆ,
ಮಳೆ, ಗಾಯ, ಜಗಳ ಆಗಿದ್ದರೆ ನಮೂದಿಸಲು.
ಅಲ್ಲಿ ಪೆನ್ನು ಊರಿ ಎಷ್ಟು ಹೊತ್ತು ಕೂತಿದ್ದೆನೋ,
ಶಾಯಿ ಹರಡಿ ಕಡಲೆಯಷ್ಟು ಚುಕ್ಕೆಯಾಗಿದೆ.
ಈಗಲೂ ಇದೆ, ಬೇಕಾದರೆ ತೋರಿಸುತ್ತೇನೆ.

ಅರಸೀಕೆರೆ ಬಂದಾಗ ಮೊದಲು ಇಳಿದವನು
ಬ್ಯಾಟಿನ ಚೀಲ ಹೆಗಲಿಗೇರಿಸಿ, ತಿರುಗದೆ, ಅಂದ:
"ಸುಣ್ಣ ಮುಗಿದಿದೆ. ಬೆಳಿಗ್ಗೆ ಬರ್ತಾ ಯಾರಾದರೂ ತನ್ನಿ."