ತುಳುಕು

ತುಂಬಿದ ಕೊಡ ತುಳುಕುವುದಿಲ್ಲ ಎಂದವರು
ಯಾರೋ; ಮೂರು ಹೆತ್ತವರಂತೂ ಅಲ್ಲ.

ಕಾಂಕಾರ್ನೊ ಬಂದರಿನ ಶೌಚಾಲಯಗಳೆಲ್ಲ
ಸೊವಾಜಿಗ್‌ಗೆ ಬಾಯಿಪಾಠ:
ಹರಾಜುಕಟ್ಟೆಯ ಹಿಂದಿನದಕ್ಕೆ ಚಿಲಕವಿಲ್ಲ,
ಚರ್ಚಿನ ಮಗ್ಗುಲಿನದಕ್ಕೆ ನಾಣ್ಯ ಹಾಕಬೇಕು,
ಬ್ರೆಡ್ಡು ಕೊಂಡರೆ ಮಾತ್ರ ಬೇಕರಿಯವಳು ಕೀಲಿ ಕೊಡುವುದು.
ಅದಕ್ಕೇ ಮನೆಯಲ್ಲಿ ಯಾವಾಗಲೂ ಹಳಸಿದ ಬ್ರೆಡ್ಡು.

ಸೀನು ಬಂದರೆ ಕಾಲಿಗೆ ಕಾಲು ಹೆಣೆದು ನಿಲ್ಲುತ್ತಾಳೆ,
ದೂರದ ಮಾತೇನೋ ಕೇಳಿಸಿಕೊಳ್ಳುವವಳಂತೆ.
ನಗೆ ಬಂದರೆ ಇನ್ನೂ ಕಷ್ಟ.
ತನ್ನ ಹಾಸ್ಯ ಇವಳಿಗೆ ಸಾಕಾಗಿದೆ ಎಂದುಕೊಂಡ ಗಂಡ
ಹೇಳುವುದನ್ನೇ ಬಿಟ್ಟಿದ್ದಾನೆ.

ಡಾಕ್ಟರು ಚೀಟಿ ಬರೆದರು: ಫಿಸಿಯೊಥೆರಪಿ, ಹತ್ತು ಸಲ.
ಬಾಗಿಲು ತೆಗೆದವಳು ಎನೋರಾ,
ಮಗಳ ಜೊತೆ ಓದಿದವಳು, ಒಮ್ಮೆ ಇವಳದೇ ಸೋಫಾದ ಮೇಲೆ
ಚಾಕೊಲೇಟ್ ಹಾಲು ಚೆಲ್ಲಿ ಗೊಳೋ ಎಂದವಳು.
ಈಗ ಕೈಗವಸು ತೊಡುತ್ತಾ ಕೇಳುತ್ತಾಳೆ,
ಒಳಗೆ ಪರೀಕ್ಷಿಸಲಾ? ಬೇಡವೆಂದರೆ ಬೇಡ.
ಸೊವಾಜಿಗ್ ಚಾವಣಿ ನೋಡುತ್ತಾ ಹೂಂ ಅಂದಳು.
ಅಲ್ಲೊಂದು ತೇವದ ಕಲೆ.
ನಿಮ್ಮದೂ ಸೋರುತ್ತಲ್ಲಮ್ಮಾ, ಅಂದಳು.
ಇಬ್ಬರೂ ನಕ್ಕರು. ಸ್ವಲ್ಪ ತುಳುಕಿತು.

ಬಿಗಿಹಿಡಿಯಲು ಕಲಿಯೋಣವೆಂದು ಬಂದಿದ್ದಳು.
ಎನೋರಾ ಅಂದಳು:
ಸಡಿಲವಾಗಿಲ್ಲ ನಿಮ್ಮದು. ಬಿಗಿದೂ ಬಿಗಿದೂ ದಣಿದಿದೆ.
ದಿನವಿಡೀ ಮುಷ್ಟಿ ಕಟ್ಟಿದ ಕೈ
ಬೀಳುವ ಲೋಟವನ್ನು ಹೇಗೆ ಹಿಡಿದೀತು?
ಯಾವಾಗಿನಿಂದ ಹೀಗೆ?

ಯಾವಾಗಿನಿಂದ.
ಹತ್ತೊಂಬತ್ತು ವಯಸ್ಸು, ಸಾರ್ಡೀನ್ ಕಾರ್ಖಾನೆ,
ತಲೆ ಕತ್ತರಿಸುವ ಮೇಜು, ಐಸು,
ಬೂಟಿನೊಳಗೆ ಮರಗಟ್ಟಿದ ಬೆರಳು.
ಹೊರಗೆ ಹೋಗಬೇಕಾದರೆ ಕೈ ಎತ್ತಬೇಕು;
ಮೇಸ್ತ್ರಿ ಗಡಿಯಾರ ನೋಡುತ್ತಿದ್ದ.
ಕೈ ಎತ್ತದ ಹುಡುಗಿಯರಿಗೆ ತಿಂಗಳ ಕೊನೆಗೊಂದು ಒಳ್ಳೆಯ ಮಾತು.
ಅವಳಿಗೆ ಇಪ್ಪತ್ತಾರು ವರ್ಷ
ಒಳ್ಳೆಯ ಮಾತು ಸಿಕ್ಕಿತು.
ಕಾರ್ಖಾನೆ ಮುಚ್ಚಿ ಆರು ವರ್ಷವಾಯಿತು.
ಮೈಗೆ ಮಾತ್ರ ಯಾರೂ ಹೇಳಿರಲಿಲ್ಲ.

ಈಗ ಬೆಳಿಗ್ಗೆ, ಕಾಫಿಗಿಟ್ಟ ನೀರು ಕುದಿಯುವಷ್ಟರಲ್ಲಿ,
ಅಡುಗೆಮನೆಯ ನೆಲದ ಮೇಲೆ ಮಂಡಿ ಮಡಿಸಿ ಮಲಗುತ್ತಾಳೆ.
ಉಸಿರು ಒಳಗೆ: ಕಿಬ್ಬೊಟ್ಟೆ ಅರಳಲಿ, ತಳ ಇಳಿಯಲಿ.
ಉಸಿರು ಹೊರಗೆ: ಮೆಲ್ಲಗೆ, ಮೇಲಕ್ಕೆ,
ಸಂಚಿಯ ದಾರ ಜಗ್ಗಿದ ಹಾಗೆ. ಐದು ಎಣಿಕೆ.
ಆಮೇಲೆ ಬಿಡು.
ಬಿಟ್ಟೆ ಅಂದುಕೊಂಡ ಮೇಲೂ ಇನ್ನೊಂದಿಷ್ಟು ಬಿಡು.
ನಾಯಿ ಬಂದು ಕಿವಿ ಮೂಸುತ್ತದೆ.
ಎತ್ತುವುದು ಮೂರೇ ದಿನಕ್ಕೆ ಬಂತು,
ಬಿಡುವುದಕ್ಕೆ ಏಳು ವಾರ ಹಿಡಿಯಿತು.
ಏಳನೆಯ ವಾರ, ಮಂಗಳವಾರ, ಸುಮ್ಮನೆ ಮಲಗಿದ್ದವಳಿಗೆ
ಯಾಕೋ ಅಳು ಬಂತು. ನೀರು ಕುದಿದು ಕುದಿದು ಆರಿತು.

ಪೂರ್ತಿ ವಾಸಿಯೇನಲ್ಲ.
ಚೀಲದಲ್ಲಿ ಇನ್ನೂ ಒಂದು ಜೊತೆ ಬಟ್ಟೆ ಇರುತ್ತದೆ.
ಗಾಳಿಯ ದಿನ, ಕೆಮ್ಮಿನ ದಿನ, ಮೆಟ್ಟಿಲಿಳಿಯುವಾಗ
ಒಂದೆರಡು ಹನಿ.
ಗಂಡನಿಗೆ ಇನ್ನೂ ಹೇಳಿಲ್ಲ; ಹೇಳಬೇಕು,
ಹಾಸ್ಯ ಮತ್ತೆ ಶುರು ಮಾಡು ಅಂತಲೂ.

ನಿನ್ನೆ ಬಂದರು ದಾಟಿ ದೀಪಸ್ತಂಭದವರೆಗೆ ಹೋಗಿ
ಹಾಗೇ ವಾಪಸು ಬಂದಳು.
ಬೇಕರಿಯವಳು ಹೊಸಿಲಿಗೆ ಬಂದು ಕೂಗಿದಳು:
ಏನು ಸೊವಾಜಿಗ್, ಬ್ರೆಡ್ಡು ಬೇಡವಾ ಇವತ್ತು?
ಮೈ ಹುಷಾರಿಲ್ವಾ?