ಪುಟ ಮೂವತ್ತೊಂದು

ಕನ್ನಡ ಓದಲು ಬರುವವರು
ಆ ಕಚೇರಿಯಲ್ಲಿ ಯಾರೂ ಇರಲಿಲ್ಲವಾಗಿ
ನನ್ನನ್ನು ಕರೆದರು.
ಬ್ಯಾಂಕಿನಿಂದ ನಿವೃತ್ತ, ಡೊಂಬಿವಲಿ ವಾಸಿ.
ಒಂದು ನಾಟಕಕ್ಕೆ ಮುನ್ನೂರು ರೂಪಾಯಿ,
ಮೇಲೊಂದು ಕಟಿಂಗ್ ಚಾ.
ಚಹಾದ ಹೆಸರೇ ಅದು, ನಗಬೇಡಿ.

ಬರೆದವನು ಸಾಣೂರು ಜಗನ್ನಾಥ,
ಕುರ್ಲಾ ಡಿಪೋದಲ್ಲಿ ಕಂಡಕ್ಟರ್.
ಅಕ್ಷರವೂ ಬಸ್ಸಿನ ಹಾಗೇ ಕುಲುಕುತ್ತಿತ್ತು.

ಪುಟ ಹದಿನಾಲ್ಕು:
'ಗಿರಣಿಯ ಜಾಗ ಕೊನೆಗೆ ಯಾರ ಹೆಸರಿಗಾಯ್ತು ಮಾರಾಯ್ರೆ?'
ಬರೀ ಪ್ರಶ್ನೆ. ಉತ್ತರವೂ ಇಲ್ಲ ಅದಕ್ಕೆ.
ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಅನಗತ್ಯ.
ಯಾರಿಗೆ ಅನಗತ್ಯ ಎಂದು ಬರೆಯಲು
ಆ ಫಾರ್ಮಿನಲ್ಲಿ ಜಾಗವಿರಲಿಲ್ಲ.

ಪುಟ ಮೂವತ್ತೊಂದು: ಗುಲಾಬಿ,
ಒಂಬತ್ತು ಜನ ಮಲಗುವ ಖೋಲಿಯ ಸೊಸೆ,
ಗಂಡನ ರಾತ್ರಿಪಾಳಿಯ ಬಗ್ಗೆ
ನೀರಿನ ಸರದಿಯಲ್ಲಿ ನಿಂತು ಆಡುವ ಒಂದು ಮಾತು.
ಓದಿದೆ. ಇನ್ನೊಮ್ಮೆ ಓದಿದೆ.
ಚಾ ಮೂಗಿಗೆ ಹತ್ತಿತು.
'ಕಾಯ್ ಝಾಲಂ ಕಾಕಾ?' ಎಂದರು ತಾಮ್ಹನಕರ್ ಬಾಯಿ.
ಏನಿಲ್ಲ, ಎಂದು ಕಣ್ಣೊರೆಸಿಕೊಂಡು
ಅದರ ಮೇಲೂ ಎಳೆದೆ.

ಆರು ಹದಿನೆಂಟರ ಸ್ಲೋ ಲೋಕಲ್.
ಘಾಟ್ಕೋಪರ್ ದಾಟುವಾಗ ಹೊಳೆಯಿತು:
ಆ ಮಾತನ್ನು ಎರಡು ಸಲ ಓದಿದ್ದೇನೆ,
ನನಗೆ ಏನೂ ಆಗಿಲ್ಲ.
ಬಿ.ಪಿ. ಅಷ್ಟೇ ಇದೆ. ಹೆಂಡತಿಯ ಭಯವೂ ಅಷ್ಟೇ.
ಭಾಂಡುಪಿನಲ್ಲಿ ಹತ್ತಿದ ಮುದುಕನಿಗೆ
ಸೀಟು ಕೂಡ ಬಿಟ್ಟುಕೊಟ್ಟೆ.
ಹಾಗಾದರೆ ಕೆಡುವವರು ಯಾರು?
ಬಾಗಿಲಿಗೆ ಜೋತುಬಿದ್ದ ಇವನೇ?
ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿರುವ ಈಕೆಯೇ?
ಬಾಡಿಗೆ ಕಟ್ಟಿದವರು, ಹೆತ್ತವರು, ಹೆಣ ಹೊತ್ತವರು,
ವೋಟು ಹಾಕಿ ಬೆರಳಿನ ಮಸಿ ತಿಕ್ಕಿಕೊಂಡವರು.
ಇವರಿಗೆ ಗೊತ್ತಿಲ್ಲದ್ದನ್ನು ಗುಲಾಬಿ
ಎಲ್ಲಿಂದ ತರಬೇಕು?

ಮಕ್ಕಳ ಮಾತು ಬೇರೆ, ಒಪ್ಪಿದೆ.
ಮೊಮ್ಮಗಳ ಮುಂದೆ ನಾನೂ ಟಿವಿ ಆರಿಸುತ್ತೇನೆ.
ಅವಳಾದರೂ ಕೇಳುತ್ತಾಳೆ, ಯಾಕೆ ಅಂತ.
ದೊಡ್ಡವರು ಕೇಳುವುದಿಲ್ಲ.
ಏನು ಹೋಯಿತೆಂದು ಗೊತ್ತಿದ್ದರಲ್ಲವೇ.

ಇಷ್ಟೆಲ್ಲ ಹೊಳೆದೂ
ಮರುದಿನ ಹೋಗಿ ಫಾರ್ಮು ವಾಪಸು ಕೇಳಲಿಲ್ಲ.
ಮುನ್ನೂರು ರೂಪಾಯಿಯಲ್ಲಿ ಬಂಗುಡೆ ತಂದೆ.
ಚೆನ್ನಾಗಿತ್ತು.

ಮಾಟುಂಗಾದ ಹಾಲ್, ಭಾನುವಾರ ಸಂಜೆ,
ಮೂರನೇ ಸಾಲಿನ ತುದಿ ಸೀಟು ನನ್ನದು.
ನೀರಿನ ಸರದಿ ಬಂತು.
ಗುಲಾಬಿ ಕೊಡ ಇಳಿಸಿದಳು. ಬಾಯಿ ತೆರೆದಳು.
ಆ ಮಾತು ಹಿಡಿಯುವಷ್ಟೇ ಹೊತ್ತು
ಹಾಗೇ ನಿಂತಿದ್ದು
ಕೊಡ ಎತ್ತಿಕೊಂಡು ಹೋದಳು.

ಪಕ್ಕದ ಅಜ್ಜಿ, ಎಂಬತ್ತು ದಾಟಿರಬೇಕು,
ಕಿವಿಯ ಯಂತ್ರ ತಿರುವಿದಳು, ತಟ್ಟಿದಳು,
ನನ್ನ ಮೊಣಕೈ ಜಗ್ಗಿದಳು:
'ಎಂತ ಹೇಳಿದ್ದು ಮಗಾ ಅವಳು?
ನನಗೆ ಕೇಳಲಿಲ್ಲ.'

ಯಂತ್ರದ ತಪ್ಪಲ್ಲ, ಅಮ್ಮ.

ಆಚೀಚೆ ನೋಡಿ
ಅವಳ ಕಿವಿಗೆ ಬಾಗಿದೆ.