ಗಾಳಿಗೆ ಹತ್ತು ರೂಪಾಯಿ

ಮಾಚೇನಹಳ್ಳಿ ಫೌಂಡ್ರಿಯ ಗೇಟು ಏಳಕ್ಕೆ ತೆರೆಯುವ ತನಕ
ಲಾರಿಗಳು ನನ್ನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲುತ್ತವೆ.
ಇವತ್ತು ಎರಡು. ಒಂದು ಪುಣೆಗೆ, ಒಂದು ಚೆನ್ನೈಗೆ.
ತುಂಬುವುದು ಅದೇ ಕಬ್ಬಿಣ, ಅದೇ ಎರಕ.

ಸಿದ್ರಾಮ ಹೇಳುತ್ತಾನೆ: ಪುಣೆಯಾಗ
ಸ್ನಾನಕ್ಕ ಮೂವತ್ತು, ಬಿಸಿನೀರಾದ್ರ ಐವತ್ತು,
ಒಂದೇ ಬಕೆಟ್. ಇನ್ನೊಂದು ಕೇಳಿದ್ರ
ಮಾವನ ಮನಿಂದ ತರಿಸ್ಕೋ ಅಂತಾರ.

ಮುರುಗೇಸನಿಗೆ ನಗು.
ಅವನ ಊರಲ್ಲಿ ಇಪ್ಪತ್ತಕ್ಕೇ ಸ್ನಾನ,
ಆದರೆ ನೀರು ಉಪ್ಪು, ನೊರೆಯೇ ಏಳುವುದಿಲ್ಲ,
ಉಜ್ಜಿ ಉಜ್ಜಿ ವಾರಕ್ಕೊಂದು ಸೋಪು ಖಾಲಿ.
ಆ ಸೋಪು ಯಾರ ಲೆಕ್ಕಕ್ಕೆ?

ನಾನು ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ
ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಕಾಯುತ್ತೇನೆ.

ಚಹಾ, ಪೊಲೀಸರ ಕೈಗೆ ಇಡುವುದು,
ರಾತ್ರಿ ಲಾರಿ ನಿಲ್ಲಿಸಲು ಕೊಡುವುದು,
ಎಲ್ಲ ಆಯಿತು.
ಕೊನೆಗೆ ಮಾತು ಮನೆ ಬಾಡಿಗೆಗೆ ಬಂತು.
ಭೋಸರಿಯಲ್ಲಿ ಸಿದ್ರಾಮನದು ಒಂದೇ ಕೋಣೆ,
ನೀರಿನ ದುಡ್ಡು ತಲೆಗಿಷ್ಟು.
ತಿಂಗಳಲ್ಲಿ ಇಪ್ಪತ್ತೆರಡು ದಿನ ನಾ ರಸ್ತೆ ಮ್ಯಾಲೇ ಇರ್ತೀನಿ,
ನನ್ನದು ಅರ್ಧ ತಲಿ ಹಿಡೀರಿ ಅಂದನಂತೆ.
ಅರ್ಧ ತಲೆ ಸ್ನಾನ ಮಾಡುತ್ತದೆಯೇ
ಎಂದು ಮನೆಯೊಡತಿ ಕೇಳಿದಳಂತೆ.

ಮುರುಗೇಸ ಈಗ ನಗಲಿಲ್ಲ.
ಅವನ ಮನೆಗೆ ಬೇರೆ ಮೀಟರು, ಯೂನಿಟ್ಟಿಗೆ ಹತ್ತು,
ಸರ್ಕಾರದ ದರ ಓನರ್ ಬಾಗಿಲ ತನಕ ಮಾತ್ರ.
ಫೋನು ಮಾಡಿದಾಗೆಲ್ಲ ಹೆಂಡತಿಯ ಮಾತಿನ ಹಿಂದೆ
ಅವನು ಫ್ಯಾನಿನ ಸದ್ದು ಹುಡುಕುತ್ತಾನೆ.
ಮೇ ತಿಂಗಳಲ್ಲೂ ಕೇಳಿಸುವುದಿಲ್ಲ.
ಹಾಕು ಅಂದರೆ ಹಾಕಿದೀನಿ ಅನ್ನುತ್ತಾಳೆ.

ನಿನಗೆ ಇಲ್ಲಿ ಎಷ್ಟಾದರೆ ಸಾಕು, ಸಾಬರೇ?

ನಾನು ಥಟ್ಟನೆ ಒಂದು ಅಂಕಿ ಹೇಳಿದೆ.
ಆಮೇಲೆ ಸಿಲಿಂಡರು ನೆನಪಾಯಿತು, ಸೇರಿಸಿದೆ.
ಮಗಳ ಕನ್ನಡಕ, ಟೆಂಪೋ ಫೀಸು,
ಕಂಪ್ರೆಸರಿನ ಕರೆಂಟು,
ನಾದಿನಿಯ ಹೆರಿಗೆಗೆ ಕೊಟ್ಟು ಬರೆದಿಡದೆ ಬಿಟ್ಟದ್ದು.
ಸಲ್ಯೂಷನ್ ಒಣಗಿ ಗರಿಗರಿಯಾಗಿತ್ತು.
ಉಜ್ಜಿ ತೆಗೆದು ಮತ್ತೆ ಹಚ್ಚಿದೆ.

ಗೇಟು ತೆರೆಯಿತು. ಸಿದ್ರಾಮ ಕೊಟ್ಟು ಹೊರಟ.
ಮುರುಗೇಸ ಪ್ಯಾಚಿಗೆ ಕೊಟ್ಟ, ಗಾಳಿಗೆ ಕೊಡಲು ತಕರಾರು:
ಚೆನ್ನೈ ಬಂಕಿನಲ್ಲಿ ಗಾಳಿ ಪುಕ್ಕಟೆ!
ಹಾಗಾದ್ರೆ ಅಲ್ಲೀ ತನಕ ಉರುಳಿಸ್ಕೊಂಡು ಹೋಗು, ಅಂದೆ.
ಜೇಬು ತಡಕಿ ಹತ್ತರ ನೋಟು ಕೊಟ್ಟ.

ನೋಟಿನ ಬಿಳಿ ಜಾಗದಲ್ಲಿ ಯಾರದೋ ಬಾಲ್‌ಪೆನ್ನು:
ನಾನೂರ ಎಂಬತ್ತು, ಅರವತ್ತೈದು, ಇನ್ನೂರು,
ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಏನೂ ಇಲ್ಲ.
ಯಾವ ಊರಿನ ಲೆಕ್ಕವೋ.
ಅಂಗಡಿ ಹುಡುಗ ನೋಡಿ ಬೆರಳು ಮಡಚತೊಡಗಿದ.
ಬಿಡೋ, ಅಂದೆ. ಇದಕ್ಕೆ ಒಂದು ಚಹಾ ಬರುತ್ತೆ,
ತಗೊಂಡು ಬಾ, ಅರ್ಧ ಅರ್ಧ ಕುಡಿಯೋಣ.